ಬೇಸಿಗೆ ಮುಗಿದ್ರೂ ಹಸು ಗಬ್ಬ ಕಟ್ತಿಲ್ಲ ಯಾಕೆ? ತಡವಾಗಿ ಕಾಣೋ ಬಿಸಿಲಿನ ಪೆಟ್ಟು

ಪ್ರಶ್ನೆ: ಹತ್ತು ಹನ್ನೆರಡು ಹಸು ಸಾಕಿದೀನಿ ಡಾಕ್ಟ್ರೇ. ಬೇಸಿಗೇಲಿ ಹಾಲು ಕಮ್ಮಿ ಆಗೋದು ಮೊದ್ಲಿಂದ್ಲೂ ಇದ್ದಿದ್ದೇ. ಆದ್ರೆ ಈಗ ಮೂರ್ನಾಲ್ಕು ವರ್ಷದಿಂದ ಬೇಸಿಗೆ ಮುಗಿದು ತಿಂಗಳಾದ್ರೂ ಹಸುಗಳು ಗಬ್ಬ ಕಟ್ತಿಲ್ಲ, ಒಳ್ಳೆ ಹಾಲಿನ ತಾಯಿಗೆ ಹುಟ್ಟಿದ ಕಡಸುಗಳೂ ಮೊದಲ ಸೂಲಲ್ಲಿ ಹಾಲು ಕಮ್ಮಿ ಕೊಡ್ತಿವೆ. ಭೂಮಿ ಒಂದು ಡಿಗ್ರಿ ಚಿಲ್ರೆ ಬಿಸಿಯಾಗಿದ್ದಕ್ಕೆ ಇಷ್ಟೆಲ್ಲಾ ಆಗತ್ತಾ? ಫ್ಯಾನ್ ಹಾಕಿದ್ರೆ ಸಾಕಾ? ದನಗಳಿಂದಾನೇ ಭೂಮಿ ಬಿಸಿಯಾಗ್ತಿದೆ ಅಂತಾನೂ ಹೇಳ್ತಾರೆ, ಅದು ನಿಜಾನಾ?

ಉತ್ತರ: ನಿಮ್ಮ ಪ್ರಶ್ನೇಲಿ ನನ್ನ ಗಮನ ಹೋಗಿದ್ದು "ಬೇಸಿಗೆ ಮುಗಿದು ತಿಂಗಳಾದ್ರೂ" ಅನ್ನೋ ಮಾತಿಗೆ. ತುಂಬಾ ಜನ ಇದನ್ನ ಬಿಸಿಲಿಗೆ ಜೋಡಿಸಿ ನೋಡೋದೇ ಇಲ್ಲ, ಮಳೆ ಬಂತು ತಂಪಾಯ್ತು ಇನ್ನೇನು ಅಂದ್ಕೊಂಡು ಡಾಕ್ಟರ್‌ನ ಬದಲಾಯಿಸ್ತಾರೆ, ಇಂಜೆಕ್ಷನ್ ಬದಲಾಯಿಸ್ತಾರೆ, ಕೊನೆಗೆ ಚೆನ್ನಾಗಿರೋ ಹಸೂನ ಬರಡು ಅಂತ ಮಾರಿಬಿಡ್ತಾರೆ, ಅದು ನೋಡಿದಾಗೆಲ್ಲ ನಂಗೆ ಸಂಕಟ ಆಗತ್ತೆ. ನಿಮ್ಮ ಕೊಟ್ಟಿಗೇಲಿ ಆಗ್ತಿರೋದಕ್ಕೆ ಬಿಸಿಯೇ ಕಾರಣ ಇರೋ ಸಾಧ್ಯತೆ ತುಂಬಾ ಇದೆ. ಬಿಸಿಯ ಪೆಟ್ಟು ಅವತ್ತವತ್ತೇ ಕಾಣೋದು ಸ್ವಲ್ಪ ಮಾತ್ರ, ಉಳಿದಿದ್ದು ಎರಡು ದಿನಕ್ಕೆ, ಎರಡು ತಿಂಗಳಿಗೆ, ಕೆಲವು ಮುಂದಿನ ತಲೆಮಾರಿಗೆ ಕಾಣತ್ತೆ.

ಮೊದಲು ಒಂದು ಡಿಗ್ರಿ ವಿಷಯ. ಕೈಗಾರಿಕೆಗಳು ಶುರುವಾಗೋಕೆ ಮುಂಚಿನ ಕಾಲಕ್ಕೆ ಹೋಲಿಸಿದ್ರೆ 2011ರಿಂದ 2020ರ ಹತ್ತು ವರ್ಷದಲ್ಲಿ ಭೂಮಿ ಸರಾಸರಿ 1.1 ಡಿಗ್ರಿ ಬಿಸಿಯಾಗಿತ್ತು, ಆಮೇಲೆ ಇನ್ನೂ ಏರಿದೆ. ಇದು ಸಮುದ್ರ, ನೆಲ, ಹಗಲು, ರಾತ್ರಿ, ಚಳಿಗಾಲ ಎಲ್ಲಾ ಸೇರಿಸಿ ತೆಗೆದ ಸರಾಸರಿ. ನಿಮ್ಮ ಹಸು ಸರಾಸರೀಲಿ ಬದುಕಲ್ಲ, ಅದು ಬದುಕೋದು ಆ ದಿನದ ಬಿಸೀಲಿ. ಸರಾಸರಿ ಒಂದು ಡಿಗ್ರಿ ಮೇಲೆ ಹೋದ್ರೆ ಮೊದಲು ವರ್ಷಕ್ಕೆ ನಾಲ್ಕು ದಿನ ಬರ್ತಿದ್ದ ಕಡುಬಿಸಿ ಈಗ ಹತ್ತು ಹದಿನೈದು ದಿನ ಬರಬಹುದು, ಅದೂ ಬಿಡಿಬಿಡಿಯಾಗಿ ಅಲ್ಲ, ಒಂದರ ಹಿಂದೆ ಒಂದು.

ಹಸುವಿಗೆ ನಮಗಿಂತ ಬೇಗ ಸೆಖೆ ಯಾಕೆ ಆಗತ್ತೆ ಅಂದ್ರೆ, ಅದರ ಹೊಟ್ಟೆ ಒಳಗೆ ನೂರು ಲೀಟರ್‌ಗೂ ಹೆಚ್ಚು ಹಿಡಿಯೋ ಒಂದು ಹಂಡೆ ಇದೆ ಅಂದ್ಕೊಳ್ಳಿ, ಅದರಲ್ಲಿ ಮೇವು ಹಗಲು ರಾತ್ರಿ ಹುದುಗ್ತಾನೇ ಇರತ್ತೆ, ಹುದುಗಿದಾಗ ಬಿಸಿ ಹುಟ್ಟತ್ತೆ. ಹಾಲು ತಯಾರಾಗೋವಾಗ್ಲೂ ಬಿಸಿ ಹುಟ್ಟತ್ತೆ. ಅಂದ್ರೆ ಹೆಚ್ಚು ತಿಂದು ಹೆಚ್ಚು ಹಾಲು ಕೊಡೋ ಹಸು ಹೆಚ್ಚು ಒಲೆ ಹೊತ್ಕೊಂಡಿರೋ ಹಸು. ನಾವು ಆರಿಸಿ ಆರಿಸಿ ಹಾಲಿನ ತಳಿ ಮಾಡಿದ್ದು, ಆದ್ರೆ ಆ ಒಲೆ ತಣ್ಣಗೆ ಮಾಡ್ಕೊಳ್ಳೋ ಶಕ್ತಿ ಅದೇ ಪ್ರಮಾಣದಲ್ಲಿ ಬೆಳೀಲಿಲ್ಲ. ಹಸು ನಮ್ಮಷ್ಟು ಬೆವರಲ್ಲ. ಎಮ್ಮೆಗೆ ಬೆವರಿನ ಗ್ರಂಥಿ ಇನ್ನೂ ಕಮ್ಮಿ, ಮೈ ಕಪ್ಪು, ಅದಕ್ಕೇ ನೀರು ಕೆಸರು ಹುಡುಕೋದು. ಕೋಳಿಗಂತೂ ಬೆವರೇ ಇಲ್ಲ, ಬಾಯಿ ತೆರೆದು ಏದುಸಿರು ಬಿಡೋದೇ ಮುಖ್ಯ ದಾರಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ಥರ್ಮಾಮೀಟರ್ ನೋಡಿ ಧೈರ್ಯ ತಗೊಳ್ಳೋದು. ಹಸುವಿಗೆ ಲೆಕ್ಕಕ್ಕೆ ಬರೋದು ಬಿಸಿ ಮತ್ತು ಗಾಳಿಯ ತೇವ ಎರಡೂ ಸೇರಿದ್ದು, ಅದನ್ನ ಟಿಎಚ್‌ಐ ಅಂತಾರೆ, ತಾಪ-ತೇವದ ಸೂಚ್ಯಂಕ. ಮೊದಲು 72 ದಾಟಿದ್ರೆ ಹಸುವಿಗೆ ಕಷ್ಟ ಶುರು ಅಂತಿದ್ರು, ಹಾಲು ಹೆಚ್ಚು ಕೊಡೋ ಈಗಿನ ಹಸುಗಳಿಗೆ ಅದನ್ನ 68ಕ್ಕೆ ಇಳಿಸಿದಾರೆ. 68 ಅಂದ್ರೆ ಎಷ್ಟು ಗೊತ್ತಾ, ಅರ್ಧದಷ್ಟು ತೇವ ಇದ್ರೆ ಬರೀ 22 ಡಿಗ್ರಿ! ನಮಗೆ ಹಿತವಾಗಿರೋ ಹವೆ. ಇನ್ನೊಂದು ಲೆಕ್ಕ ನೋಡಿ, 35 ಡಿಗ್ರಿ ಇದ್ದು ತೇವ 20 ಪರ್ಸೆಂಟ್ ಇದ್ರೆ ಸೂಚ್ಯಂಕ ಸುಮಾರು 79, ಅದೇ 30 ಡಿಗ್ರಿ ಇದ್ದು ತೇವ 70 ಪರ್ಸೆಂಟ್ ಇದ್ರೆ 81. ಅಂದ್ರೆ ಒಣ ಬಿಸಿಲಿಗಿಂತ ಮೋಡ ಕವಿದ ಧಗೆಯ ದಿನ ಹಸುವಿಗೆ ಹೆಚ್ಚು ಕಷ್ಟ. ಬಿಸಿಲು ಕಮ್ಮಿ ಆಯ್ತಲ್ಲ ಅಂತ ನಾವು ಫ್ಯಾನ್ ಆರಿಸೋದು ಸರಿಯಾಗಿ ಅವತ್ತೇ.

ಇದೆಲ್ಲಕ್ಕಿಂತ ನಾನು ಒತ್ತಿ ಹೇಳ್ಬೇಕಾಗಿರೋದು ರಾತ್ರಿ ಬಗ್ಗೆ. ಹಗಲಲ್ಲಿ ಮೈ ಒಳಗೆ ತುಂಬಿಕೊಂಡ ಬಿಸಿಯನ್ನ ಹಸು ರಾತ್ರಿ ತಣ್ಣನೆ ಹೊತ್ತಲ್ಲಿ ಹೊರಗೆ ಹಾಕತ್ತೆ, ರಾತ್ರಿ ಕೆಲವು ಗಂಟೆ ಚೆನ್ನಾಗಿ ತಂಪಾದ್ರೆ ಮಾರನೇ ದಿನದ ಬಿಸಿಲನ್ನ ತಕ್ಕಮಟ್ಟಿಗೆ ತಡ್ಕೊಳ್ಳತ್ತೆ. ಆದ್ರೆ ಜಗತ್ತಿನ ತುಂಬಾ ಕಡೆ ಹಗಲಿಗಿಂತ ರಾತ್ರಿಗಳೇ ಜಾಸ್ತಿ ಬಿಸಿಯಾಗ್ತಿವೆ. ಹಿಂದಿನ ದಿನದ ಬಾಕಿ ತೀರಿಸದೇ ಹಸು ಮಾರನೇ ಹಗಲಿಗೆ ಕಾಲಿಡತ್ತೆ, ಮೂರನೇ ದಿನಕ್ಕೆ ಸೋತುಹೋಗತ್ತೆ.

ಈಗ ಹಾಲಿನ ವಿಷಯ. ಸೋಮವಾರ ಸೆಖೆ ಆದ್ರೆ ಹಾಲು ಬೀಳೋದು ಸಾಮಾನ್ಯವಾಗಿ ಬುಧವಾರ. ಸೆಖೆಗೆ ಮೇವು ಕಮ್ಮಿ ತಿಂದಿದ್ದಕ್ಕೆ ಹಾಲು ಕಮ್ಮಿ ಅಂತ ಎಲ್ರೂ ಹೇಳ್ತಾರೆ, ಅದು ಸುಮಾರು ಅರ್ಧ ಮಾತ್ರ ನಿಜ. ತಂಪಾಗಿರೋ ಹಸುವಿಗೂ ಅಷ್ಟೇ ಕಮ್ಮಿ ಮೇವು ಕೊಟ್ಟು ಹೋಲಿಸಿ ನೋಡಿದಾರೆ, ಸೆಖೇಲಿರೋ ಹಸುವಿನ ಹಾಲು ಅದಕ್ಕಿಂತ ಜಾಸ್ತಿ ಬಿದ್ದಿದೆ. ಉಳಿದ ಅರ್ಧ ಮೈ ಒಳಗಿನ ಬದಲಾವಣೆಯಿಂದ, ಹಾಲಿಗೆ ಹೋಗಬೇಕಾದ ಸಕ್ಕರೆ ಅಂಶ ಬೇರೆ ಕೆಲಸಕ್ಕೆ ಖರ್ಚಾಗತ್ತೆ, ಕರುಳಿನ ಒಳಪದರ ಸಡಿಲ ಆಗಿ ಕೆಟ್ಟ ಅಂಶ ರಕ್ತಕ್ಕೆ ಸೋರತ್ತೆ, ಅದರ ಜೊತೆ ಹೋರಾಡೋಕೂ ಶಕ್ತಿ ಬೇಕು. ಏದುಸಿರು ಬಿಟ್ಟಾಗ ರಕ್ತದಲ್ಲಿರೋ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಮೈಯ ಕ್ಷಾರದ ಲೆಕ್ಕಾಚಾರ ಏರುಪೇರಾಗತ್ತೆ, ಜೊಲ್ಲಲ್ಲಿ ಇರಬೇಕಾದ ಸೋಡಾ ಅಂಶ ಕಮ್ಮಿ ಆಗತ್ತೆ, ಆ ಜೊಲ್ಲೂ ಬಾಯಿಂದ ನೆಲಕ್ಕೆ ಸುರಿದು ಹೋಗತ್ತೆ, ಹೊಟ್ಟೇಲಿ ಹುಳಿ ಏರತ್ತೆ. ಈ ಹೊತ್ತಲ್ಲಿ ಹಾಲು ಬಿತ್ತಲ್ಲ ಅಂತ ಹಿಂಡಿ ಜಾಸ್ತಿ ಸುರಿದು ನಾರು ಕಮ್ಮಿ ಮಾಡ್ತೀವಿ, ಹುಳಿ ಇನ್ನೂ ಏರಿ ಒಂದೆರಡು ತಿಂಗಳಾದ್ಮೇಲೆ ಹಸು ಕುಂಟತ್ತೆ. ಸೆಖೆಗೆ ಹಸು ಮಲಗೋದು ಬಿಟ್ಟು ಗಾಳಿಗೆ ಮೈಯೊಡ್ಡಿ ಗಂಟೆಗಟ್ಟಲೆ ನಿಂತೇ ಇರತ್ತೆ, ಅದೂ ಗೊರಸಿಗೆ ಪೆಟ್ಟೇ. ಕೋಳಿ ಸಾಕೋರು ನೋಡಿರ್ತಾರೆ, ಬೇಸಿಗೇಲಿ ಮೊಟ್ಟೆ ಸಿಪ್ಪೆ ತೆಳ್ಳಗಾಗತ್ತೆ, ಅದಕ್ಕೂ ಒಂದು ಕಾರಣ ಇದೇ ಏದುಸಿರು, ಸಿಪ್ಪೆ ಕಟ್ಟೋಕೆ ಬೇಕಾದ ಕಾರ್ಬೊನೇಟ್ ಸಿಗಲ್ಲ.

ಗಬ್ಬದ ವಿಷಯ, ನಿಮ್ಮ ಮುಖ್ಯ ಪ್ರಶ್ನೆ ಅದೇ. ಇವತ್ತು ಬೆದೆಗೆ ಬಂದ ಹಸುವಿನ ಅಂಡ ಇವತ್ತು ತಯಾರಾಗಿದ್ದಲ್ಲ, ಅದು ಅಂಡಾಶಯದ ಒಳಗೆ ಎಷ್ಟೋ ವಾರದಿಂದ ಬೆಳೀತಾ ಬಂದಿರತ್ತೆ. ಕಡುಬಿಸೀಲಿ ಬೆಳೆದ ಅಂಡ ಹೊರಗಿಂದ ಚೆನ್ನಾಗೇ ಕಂಡ್ರೂ ಒಳಗೆ ಸತ್ವ ಇರಲ್ಲ. ಬಿಸಿಲು ಹೋಗಿ ಒಂದೆರಡು ತಿಂಗಳಾದ ಮೇಲೇ ಹೊಸ ಆರೋಗ್ಯದ ಅಂಡಗಳ ಸರದಿ ಬರೋದು, ನಿಮ್ಮ ಹಸುಗಳು ತಂಪಾದ್ಮೇಲೂ ನಿಲ್ಲದೇ ಇರೋದಕ್ಕೆ ಇದು ದೊಡ್ಡ ಕಾರಣ. ಎರಡನೇದು, ಗಬ್ಬ ಕಟ್ಟಿದ ಮೊದಲ ಒಂದೆರಡು ದಿನ ಭ್ರೂಣಕ್ಕೆ ಬಿಸಿ ತಡ್ಕೊಳ್ಳೋ ಶಕ್ತಿ ಬಹಳ ಕಮ್ಮಿ, ತಾಯಿ ಮೈಬಿಸಿ ಮಾಮೂಲಿ 38.5 ಡಿಗ್ರಿ ಆಸುಪಾಸಿಂದ 40ಕ್ಕೆ ಹೋದ್ರೆ ಅಲ್ಲೇ ಸಾಯೋ ಸಾಧ್ಯತೆ ಜಾಸ್ತಿ, ನಿಮಗೆ ಗೊತ್ತೂ ಆಗಲ್ಲ, ಹಸು ಮೂರು ವಾರಕ್ಕೆ ಮತ್ತೆ ಬೆದೆಗೆ ಬರತ್ತೆ ಅಷ್ಟೇ. ಮೂರನೇದು, ಸೆಖೇಲಿ ಬೆದೆ ಲಕ್ಷಣಾನೇ ಮಂಕಾಗಿರತ್ತೆ, ಕೂಗಲ್ಲ, ಹತ್ತಲ್ಲ, ಸ್ವಲ್ಪ ಹೊತ್ತಿದ್ದು ರಾತ್ರಿ ಹೊತ್ತಲ್ಲಿ ಮುಗಿದೇ ಹೋಗತ್ತೆ. ಹೋರಿ ಬಿಡೋರಾದ್ರೆ ಹೋರೀನೂ ನೋಡ್ಬೇಕು, ವೀರ್ಯ ತಯಾರಾಗೋಕೆ ಸುಮಾರು ಎರಡು ತಿಂಗಳು ಬೇಕು, ಏಪ್ರಿಲ್ ಬಿಸಿಲು ತಿಂದ ಹೋರಿ ಜೂನ್‌ನಲ್ಲಿ ಕೈಕೊಡತ್ತೆ. ಡಾಕ್ಟರ್ ಕೊಡೋ ಇಂಜೆಕ್ಷನ್ನಿನ ವೀರ್ಯ ಫ್ರೀಜ್ ಆಗಿರೋದ್ರಿಂದ ಆ ಸಮಸ್ಯೆ ಇಲ್ಲ, ಆದ್ರೆ ಅಂಡದ ಸಮಸ್ಯೆ ಅದರಿಂದ ತೀರಲ್ಲ.

ಇನ್ನು ಕಡಸುಗಳು. ಇದು ಗೊತ್ತಾದಾಗ ನಂಗೇ ನಂಬೋಕಾಗಿರ್ಲಿಲ್ಲ. ನಾವೆಲ್ಲಾ ಸೆಖೆ ಬಂದಾಗ ಫ್ಯಾನು ನೀರು ಎಲ್ಲಾ ಹಾಲು ಕರೆಯೋ ಹಸುಗಳಿಗೆ ಹಾಕಿ, ಹಾಲು ಬತ್ತಿಸಿರೋ ತುಂಬುಗಬ್ಬದ ಹಸೂನ ಕೊಟ್ಟಿಗೆ ಮೂಲೇಲೋ ಮರದ ಕೆಳಗೋ ಕಟ್ತೀವಿ, ಅದು ಹಾಲು ಕೊಡ್ತಿಲ್ವಲ್ಲ ಅಂತ. ಫ್ಲೋರಿಡಾ ವಿಶ್ವವಿದ್ಯಾಲಯದೋರು ವರ್ಷಗಟ್ಟಲೆ ನೋಡಿ ಕಂಡ್ಕೊಂಡಿದ್ದೇನಂದ್ರೆ, ಕರು ಹಾಕೋಕೆ ಮುಂಚಿನ ಆ ಕೊನೇ ವಾರಗಳಲ್ಲಿ ತಾಯಿ ಸೆಖೇಲಿದ್ರೆ ಕೆಚ್ಚಲು ಸರಿಯಾಗಿ ಕಟ್ಟಲ್ಲ, ಕರು ಹಾಕಿದ್ಮೇಲೆ ಹವೆ ಎಷ್ಟೇ ತಂಪಿದ್ರೂ ಆ ಸೂಲು ಪೂರ್ತಿ ಹಾಲು ಕಮ್ಮಿ. ಹೊಟ್ಟೆ ಒಳಗಿದ್ದ ಕರುವಿಗೂ ಪೆಟ್ಟು, ತೂಕ ಕಮ್ಮಿ ಹುಟ್ಟತ್ತೆ, ಗಿಣ್ಣದಿಂದ ರೋಗನಿರೋಧಕ ಅಂಶ ಹೀರ್ಕೊಳ್ಳೋ ಶಕ್ತಿ ಕಮ್ಮಿ ಇರತ್ತೆ, ಅದು ಬೆಳೆದು ಎರಡು ಎರಡೂವರೆ ವರ್ಷ ಆದ್ಮೇಲೆ ತಾನು ಕರು ಹಾಕಿದಾಗ್ಲೂ ಹಾಲು ಕಮ್ಮಿ ಕೊಡತ್ತೆ. ಅಂದ್ರೆ ಈಗ ಕಮ್ಮಿ ಕೊಡ್ತಿರೋ ನಿಮ್ಮ ಕಡಸಿನ ಕಾರಣ ಈ ವರ್ಷದ ಬಿಸಿಲಲ್ಲಿ ಇಲ್ಲದೇ ಇರಬಹುದು, ಅದು ಹುಟ್ಟೋಕೆ ಮುಂಚಿನ ಬಿಸಿಲಲ್ಲಿ ಇರಬಹುದು. ಅವು ಹುಟ್ಟಿದ ತಿಂಗಳು ಬರೆದಿಟ್ಟಿದ್ರೆ ತೆಗೆದು ನೋಡಿ.

ಮೇವಿನ ಕಡೆ ಬರೋಣ. ಬಿಸಿ ಏರಿದ್ರೆ ಹುಲ್ಲು ಬೇಗ ಬಲಿಯತ್ತೆ, ಕಾಂಡ ಗಟ್ಟಿ, ಎಲೆ ಕಮ್ಮಿ, ಜೀರ್ಣ ಆಗೋ ಅಂಶ ಕಮ್ಮಿ. ಗಾಳೀಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದ್ರೆ ಕೆಲವು ಗಿಡ ಬೇಗ ಬೆಳೀತವೆ ನಿಜ, ಆದ್ರೆ ಆ ಬೆಳವಣಿಗೇಲಿ ಪ್ರೋಟೀನ್ ತೆಳುವಾಗತ್ತೆ, ಬುಟ್ಟಿ ತುಂಬಿದ್ರೂ ಹೊಟ್ಟೆಗೆ ಸಿಗೋದು ಕಮ್ಮಿ. ಇದಕ್ಕಿಂತ ಭಯ ಹುಟ್ಟಿಸೋದು ಬರದಲ್ಲಿ ಬೆಳೆದ ಮೇವು. ನೀರಿಲ್ಲದೇ ಬಾಡಿ ಕುಳ್ಳಗೆ ನಿಂತ ಜೋಳದ ಪೈರು, ಅದರಲ್ಲೂ ಮಳೆ ಬಿದ್ದ ತಕ್ಷಣ ಒಡೆಯೋ ಎಳೆ ಚಿಗುರು, ಇದರಲ್ಲಿ ಸಯನೈಡ್ ವಿಷ ಹುಟ್ಟೋ ಅಂಶ ಇರತ್ತೆ, ಹಸಿದ ದನ ನುಗ್ಗಿ ತಿಂದ್ರೆ ಗಂಟೆ ಒಳಗೆ ಬಿದ್ದುಹೋಗತ್ತೆ. ಅದೇ ಪೈರಿನ ಬುಡದಲ್ಲಿ ನೈಟ್ರೇಟ್ ಸೇರ್ಕೊಂಡಿರತ್ತೆ, ಅದೂ ವಿಷಾನೇ. ಸಯನೈಡ್ ಚೆನ್ನಾಗಿ ಒಣಗಿಸಿದ್ರೆ ಕಮ್ಮಿ ಆಗತ್ತೆ, ನೈಟ್ರೇಟ್ ಒಣಗಿಸಿದ್ರೂ ಹೋಗಲ್ಲ, ಸೈಲೇಜ್ ಮಾಡಿದ್ರೆ, ಅಂದ್ರೆ ಹಸಿ ಮೇವನ್ನ ಗಾಳಿಯಾಡದ ಹಾಗೆ ಮುಚ್ಚಿ ಹುದುಗಿಸಿಟ್ರೆ, ಒಂದಷ್ಟು ಇಳಿಯತ್ತೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿಗೆ ಇನ್ನೊಂದು ಕಾಟ, ಬಿಸಿ ಮತ್ತು ಬರದಲ್ಲಿ ಹಬ್ಬೋ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಬರತ್ತೆ, ಹಸು ಅದನ್ನ ತಿಂದ್ರೆ ಒಂದು ಭಾಗ ಹಾಲಿಗೂ ಇಳಿಯತ್ತೆ, ಕುದಿಸಿದ್ರೂ ನಾಶ ಆಗಲ್ಲ. ಬೂಷ್ಟು ಹಿಡಿದ ಹಿಂಡಿ ದನಕ್ಕೆ ಪರವಾಗಿಲ್ಲ ಅನ್ನೋರಿಗೆ ದಯವಿಟ್ಟು ಇದನ್ನ ಹೇಳಿ.

ರೋಗಗಳೂ ಜಾಗ ಬದಲಾಯಿಸ್ತಿವೆ. ನೀಲಿ ನಾಲಿಗೆ ರೋಗ ಕುರಿಗಳಿಗೆ ಬರೋದು ಸೊಳ್ಳೆಗಿಂತ ಸಣ್ಣ ಕಚ್ಚೋ ನೊಣದಿಂದ, ಬಿಸಿ ಇದ್ದಷ್ಟೂ ಅದರ ಮೈ ಒಳಗೆ ವೈರಸ್ ಬೇಗ ಬೆಳೆಯತ್ತೆ. 2006ರ ಆಗಸ್ಟಲ್ಲಿ ಅದು ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಕಡೆ ಕಾಣಿಸ್ಕೊಂಡಾಗ ಅಷ್ಟು ಉತ್ತರಕ್ಕೆ ಅದು ಬಂದಿದ್ದು ಅದೇ ಮೊದಲು, ಅಲ್ಲಿಯ ಕುರಿಗಾಹಿಗಳು ಆ ರೋಗಾನೇ ನೋಡಿರ್ಲಿಲ್ಲ. ಪೂರ್ವ ಆಫ್ರಿಕಾದಲ್ಲಿ ಎಲ್ ನಿನೊ ವರ್ಷದ, ಅಂದ್ರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗೋ ವರ್ಷದ, ಅತಿಮಳೆ ಬಂದಾಗ, 1997-98ರಲ್ಲಿ ಮತ್ತೆ 2006-07ರಲ್ಲಿ, ಸೊಳ್ಳೆಯಿಂದ ಹರಡೋ ರಿಫ್ಟ್ ವ್ಯಾಲಿ ಜ್ವರ ಎದ್ದು ಕುರಿ ಮೇಕೆಗಳ ಗಬ್ಬ ಬಿದ್ದುಹೋಯ್ತು, ಜನಾನೂ ಸತ್ರು. 2016ರ ಬೇಸಿಗೇಲಿ ಸೈಬೀರಿಯಾದ ಯಮಾಲ್‌ನಲ್ಲಿ ಹೆಪ್ಪುಗಟ್ಟಿದ ನೆಲ ಕರಗಿ, ಹೂತಿದ್ದ ಹಳೇ ನೆರಡಿ ರೋಗದ (ಆಂಥ್ರಾಕ್ಸ್) ಬೀಜ ಎದ್ದು ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗ ಸತ್ವು. ಎಲ್ಲಾ ರೋಗಕ್ಕೂ ಹವಾಮಾನಾನೇ ಕಾರಣ ಅಂತ ನಾನು ಹೇಳಲ್ಲ, ದನ ಸಾಗಾಟ, ಲಸಿಕೆ ಹಾಕದೇ ಇರೋದು ಇವೂ ಅಷ್ಟೇ ಕಾರಣ, ಯಮಾಲ್‌ನಲ್ಲೂ ಕೆಲವು ವರ್ಷದಿಂದ ಲಸಿಕೆ ನಿಲ್ಲಿಸಿದ್ರು. ಆದ್ರೆ ನಮ್ಮಲ್ಲಿ ಇಲ್ಲದ ರೋಗ ಅಂತ ಇನ್ಮೇಲೆ ಸುಮ್ನೆ ಕೂರೋ ಹಾಗಿಲ್ಲ.

ಹಿಂಡು ಹಿಂಡೇ ಹೋಗಿರೋದೂ ಇದೆ. 2019ರ ಫೆಬ್ರವರೀಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುಮಾರು 5 ಲಕ್ಷ ದನ ಸತ್ವು, ವರ್ಷಗಟ್ಟಲೆ ಬರದಲ್ಲಿ ಬಡಕಲಾಗಿದ್ದ ದನಗಳ ಮೇಲೆ ದಿನಗಟ್ಟಲೆ ಮಳೆ, ಜೊತೆಗೆ ಚಳಿಗಾಳಿ, ಮೈಯಲ್ಲಿ ಕೊಬ್ಬೇ ಇರ್ಲಿಲ್ಲ ತಡ್ಕೊಳ್ಳೋಕೆ. ಮಳೆಗಾಗಿ ಕಾದು ಕೂತಿದ್ದ ಜನ ಅದೇ ಮಳೇಲಿ ದನ ಕಳ್ಕೊಂಡ್ರು. ಮಂಗೋಲಿಯಾದಲ್ಲಿ ಬೇಸಿಗೆ ಬರ, ಆಮೇಲೆ ಕಡುಚಳಿ, ಇದನ್ನ ಅಲ್ಲಿಯವರು ಜುದ್ ಅಂತಾರೆ, 2009-10ರ ಚಳಿಗಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರಾಣಿ ಸತ್ವು. ಇಥಿಯೋಪಿಯಾ, ಕೀನ್ಯಾ, ಸೊಮಾಲಿಯಾ ಸೀಮೇಲಿ 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟು 90 ಲಕ್ಷಕ್ಕೂ ಹೆಚ್ಚು ಜಾನುವಾರು ಹೋದ್ವು. ಹೋದ ಹಿಂಡು ಮತ್ತೆ ಕಟ್ಟೋದು ಬೆಳೆ ಹಾಗಲ್ಲ, ಬೆಳೆ ಮುಂದಿನ ವರ್ಷ ಬಿತ್ತಬಹುದು, ಒಂದು ಹೆಣ್ಣುಗರು ಹುಟ್ಟಿ ಬೆಳೆದು ಕರು ಹಾಕೋಕೆ ಮೂರು ವರ್ಷದ ಆಸುಪಾಸು ಬೇಕು, ಅಷ್ಟರಲ್ಲಿ ಇನ್ನೊಂದು ಬರ ಬಂದ್ರೆ ಮತ್ತೆ ಮೊದಲಿಂದ. ಅದಕ್ಕೇ ಅಲ್ಲಿ ಎಷ್ಟೋ ಕುಟುಂಬ ದನ ಬಿಟ್ಟು ಒಂಟೆ, ಮೇಕೆ ಕಡೆ ತಿರುಗಿವೆ. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಿಂದ ಒಂದು ವಿಮೆ ಇದೆ, ದನ ಸತ್ತಿದ್ದನ್ನ ಎಣಿಸಲ್ಲ, ಉಪಗ್ರಹದಿಂದ ಹುಲ್ಲುಗಾವಲಿನ ಹಸಿರು ನೋಡಿ ಹಣ ಕೊಡ್ತಾರೆ. ಸಾಯೋಕೆ ಮುಂಚೆ ಹಣ ಕೈಗೆ ಬಂದ್ರೆ ಮೇವು ತರಬಹುದಲ್ಲ, ಆ ಯೋಚನೆ ನಂಗೆ ತುಂಬಾ ಸರಿ ಅನ್ಸತ್ತೆ.

ಫ್ಯಾನ್ ಸಾಕಾ ಅಂದ್ರಿ. ಒಣ ಹವೆ ಇರೋ ಕಡೆ ಮಂಜಿನ ಹಾಗೆ ನೀರು ಸಿಂಪಡಿಸಿ ಗಾಳಿ ತಂಪು ಮಾಡಬಹುದು. ತೇವ ಇರೋ ಕಡೆ ಅದನ್ನ ಮಾಡಿದ್ರೆ ಕೊಟ್ಟಿಗೆ ಹಬೆ ಮನೆ ಆಗತ್ತೆ, ಅಲ್ಲಿ ದಪ್ಪ ಹನಿ ನೀರು ಹಸುವಿನ ಬೆನ್ನಿಗೆ ಚರ್ಮದ ತನಕ ನೆನೆಯೋ ಹಾಗೆ ಒಂದೆರಡು ನಿಮಿಷ ಹಾಕಿ, ನಿಲ್ಲಿಸಿ, ಫ್ಯಾನ್ ಗಾಳೀಲಿ ಆರಲಿಕ್ಕೆ ಬಿಡಿ, ಮತ್ತೆ ಹಾಕಿ. ತಂಪಾಗೋದು ನೀರಿಂದ ಅಲ್ಲ, ನೀರು ಆರೋದ್ರಿಂದ. ಬರೀ ಫ್ಯಾನ್ ಹಾಕಿ ಹೊರಗಿನ ಗಾಳಿ ಒಳಗೆ ಬರೋಕೆ ದಾರಿ ಇಲ್ದಿದ್ರೆ ಅದೇ ಬಿಸಿಗಾಳಿ ಸುತ್ತುತ್ತೆ, ಗೋಡೆ ತೆಗೆಯೋದು ಫ್ಯಾನ್ ತರೋದಕ್ಕಿಂತ ಮೊದಲಿನ ಕೆಲಸ. ಹೊಸದಾಗಿ ಕಟ್ಟೋದಾದ್ರೆ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಮಾಡು ಎತ್ತರ ಇರಲಿ, ಮಾಡಿನ ನೆತ್ತೀಲಿ ಬಿಸಿಗಾಳಿ ಹೋಗೋಕೆ ಸಂದು ಇರಲಿ. ನೀರಿನ ತೊಟ್ಟಿ ನೆರಳಲ್ಲಿರಲಿ, ಬಿಸಿಲಲ್ಲಿ ಕಾದ ನೀರನ್ನ ಹಸು ಬೇಕಾದಷ್ಟು ಕುಡಿಯಲ್ಲ, ಸೆಖೇಲಿ ಹಾಲಿನ ಹಸುವಿಗೆ ದಿನಕ್ಕೆ ನೂರು ಲೀಟರೂ ಬೇಕಾಗಬಹುದು. ಮೇವಿನ ದೊಡ್ಡ ಪಾಲು ಸಂಜೆ ತಂಪಾದ್ಮೇಲೆ ಮತ್ತೆ ಬೆಳಗಿನ ಜಾವ ಕೊಡಿ, ಮೇವು ಹುದುಗೋ ಬಿಸಿ ತಿಂದ ಕೆಲವು ಗಂಟೆಗೆ ಏರತ್ತೆ, ಅದು ನಡುಮಧ್ಯಾಹ್ನಕ್ಕೆ ಬೀಳಬಾರದು. ಒಳ್ಳೆ ಮೇವು ಇದ್ದಾಗ್ಲೇ ಸೈಲೇಜ್ ಮಾಡಿಟ್ಕೊಳ್ಳಿ. ಬರೀ ಒಣಹುಲ್ಲು ಇದ್ರೆ 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾನ ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದ ಹಾಗೆ ಮೂರು ವಾರ ಮುಚ್ಚಿಟ್ಟು ಆಮೇಲೆ ಕೊಡಬಹುದು. ಕರುಗಳಿಗೆ ಕೊಡಬೇಡಿ, ಯೂರಿಯಾ ನೀರು ದನ ಕುಡಿಯೋ ಹಾಗೆ ಎಲ್ಲೂ ಬಿಡಬೇಡಿ, ಅದು ನೇರ ವಿಷ. ಮತ್ತೆ ಮುಖ್ಯವಾಗಿ, ಒಂದೇ ಫ್ಯಾನ್ ಇದ್ರೆ ಅದರ ಕೆಳಗೆ ತುಂಬುಗಬ್ಬದ ಹಸೂಗೂ ಜಾಗ ಕೊಡಿ.

ತಳಿ ಬಗ್ಗೆ ಒಂದು ಮಾತು. ಡುಬ್ಬ ಇರೋ ಹಸುಗಳು ಹಾಲು ಕಮ್ಮಿ ಕೊಟ್ರೂ ಬಿಸಿ ಚೆನ್ನಾಗಿ ತಡೀತವೆ, ಒಳಗಿನ ಒಲೆ ಚಿಕ್ಕದು, ಬೆವರು ಜಾಸ್ತಿ. ಕೆರಿಬಿಯನ್ ದ್ವೀಪಗಳ ಸೆನೆಪೋಲ್ ದನದಲ್ಲಿ ಕೂದಲು ತೀರಾ ಗಿಡ್ಡ ನುಣುಪಾಗೋ ಒಂದು ಜೀನ್ ಇದೆ, ಸ್ಲಿಕ್ ಅಂತಾರೆ, ಅದನ್ನ ಹಾಲಿನ ಹಸುಗಳಿಗೂ ಕ್ರಾಸ್ ಮಾಡಿ ತಂದಿದಾರೆ, ಅವುಗಳ ಮೈ ಬಿಸಿಲಲ್ಲಿ ಕಮ್ಮಿ ಕಾಯತ್ತೆ. ಬರೀ ಲೀಟರ್ ನೋಡಿ ತಳಿ ಆರಿಸೋ ಕಾಲ ಹೋಯ್ತು ಅಂತ ನನ್ನ ಅನಿಸಿಕೆ. ಬೇಸಿಗೇಲೂ ಗಬ್ಬ ಕಟ್ಟಿ ಎಂಟು ಸೂಲು ನಿಲ್ಲೋ ಹಸು, ಮೂರು ಸೂಲಿಗೆ ಮುಗಿಯೋ ದೊಡ್ಡ ಹಾಲಿನ ಹಸುಗಿಂತ ಮೇಲು.

ಕೊನೇ ಪ್ರಶ್ನೆ, ದನಗಳಿಂದ ಭೂಮಿ ಬಿಸಿ ಆಗ್ತಿದೆಯಾ. ಆಗ್ತಿದೆ, ಒಂದು ಪಾಲು ಅವುಗಳದ್ದೂ ಇದೆ, ಅದನ್ನ ಇಲ್ಲ ಅಂದ್ರೆ ಸುಳ್ಳಾಗತ್ತೆ. ಮೆಲುಕು ಹಾಕೋ ಪ್ರಾಣಿ ತೇಗಿದಾಗ ಮೀಥೇನ್ ಹೊರಬರತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 27-28 ಪಟ್ಟು ಬಿಸಿ ಹಿಡಿಯತ್ತೆ. ಮನುಷ್ಯರಿಂದ ಹೊರಬರೋ, ಭೂಮಿ ಬಿಸಿ ಮಾಡೋ ಒಟ್ಟು ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು 14.5 ಪರ್ಸೆಂಟ್ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2013ರಲ್ಲಿ ಹೇಳಿತ್ತು, 2023ರ ಲೆಕ್ಕದಲ್ಲಿ ಸುಮಾರು 12. ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲು, ಗ್ಯಾಸ್‌ದೇ. ಮೀಥೇನ್ ಹತ್ತು ಹನ್ನೆರಡು ವರ್ಷಕ್ಕೆ ಕರಗಿ ಹೋಗತ್ತೆ, ಅಂದ್ರೆ ಕಮ್ಮಿ ಮಾಡಿದ್ರೆ ಫಲ ಬೇಗ ಕಾಣತ್ತೆ. 3-ಎನ್‌ಒಪಿ ಅನ್ನೋ ಪುಡಿ ಮೇವಿಗೆ ಬೆರೆಸಿದ್ರೆ ಹಾಲಿನ ಹಸುವಿನ ಮೀಥೇನ್ ಸುಮಾರು 30 ಪರ್ಸೆಂಟ್ ಇಳಿಯತ್ತೆ, ಆದ್ರೆ ಅದು ಮೇವಿನ ಜೊತೆ ದಿನವಿಡೀ ಹೊಟ್ಟೆಗೆ ಹೋಗ್ತಿರಬೇಕು, ಮೇಯೋಕೆ ಬಿಡೋ ದನಕ್ಕೆ ಕಷ್ಟ. ಮೀಥೇನ್ ಅಂದ್ರೆ ಹಸು ತಿಂದ ಮೇವಿನ ಶಕ್ತಿಯಲ್ಲೇ ಒಂದು ಪಾಲು ಗಾಳಿಗೆ ಹೋಗೋದು. ಗಬ್ಬ ಕಟ್ಟದೇ ವರ್ಷಗಟ್ಟಲೆ ಬರೀ ತಿನ್ನೋ ಹಸೂನೂ ತೇಗ್ತಾನೇ ಇರತ್ತೆ, ಹಾಲು ಮಾತ್ರ ಇಲ್ಲ. ಜೀರ್ಣ ಆಗೋ ಮೇವು ಕೊಟ್ಟು, ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟಿಸಿದ್ರೆ ಒಂದು ಲೀಟರ್ ಹಾಲಿಗೆ ಹೋಗೋ ಮೀಥೇನ್ ತಾನಾಗೇ ಇಳಿಯತ್ತೆ, ನಿಮಗೆ ಸಲಹೆ ಕೊಟ್ಟಿರೋ ಕೆಲಸಾನೇ ಅದು.

ಸದ್ಯಕ್ಕೆ ನೀವು ಮಾಡ್ಬೇಕಾಗಿರೋದು ಇಷ್ಟು. ಇವತ್ತು ಮಧ್ಯಾಹ್ನ ಮೂರಕ್ಕೆ ಮತ್ತೆ ರಾತ್ರಿ ಹತ್ತಕ್ಕೆ ಕೊಟ್ಟಿಗೆಗೆ ಹೋಗಿ, ಸುಮ್ನೆ ನಿಂತಿರೋ ನಾಲ್ಕೈದು ಹಸುಗಳ ಪಕ್ಕೆ ನೋಡ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ತುಂಬುಗಬ್ಬದ್ದು ಇದ್ರೆ ಅದನ್ನ ಮೊದಲು. 60 ದಾಟಿದ್ರೆ ಅದು ಸೆಖೇಲಿ ಒದ್ದಾಡ್ತಿದೆ ಅಂತ. ರಾತ್ರಿ ಹತ್ತಕ್ಕೂ ಇಳಿದಿಲ್ಲ ಅಂದ್ರೆ ನಿಮ್ಮ ತೊಂದರೆ ಇರೋದು ಹಗಲಲ್ಲಿ ಅಲ್ಲ, ರಾತ್ರಿ ಕೊಟ್ಟಿಗೇಲಿ. ಒಂದು ವಾರ ಹೀಗೆ ಬರೆದು, ಹಾಲಿನ ಲೆಕ್ಕ ಮತ್ತೆ ಆ ಕಡಸುಗಳು ಹುಟ್ಟಿದ ತಿಂಗಳ ಜೊತೆ ಕಳಿಸಿ, ಯಾವ ಹಸುವಿಗೆ ಏನು ಮಾಡ್ಬೇಕು ಅಂತ ಅದನ್ನ ನೋಡ್ಕೊಂಡು ಹೇಳ್ತೀನಿ.